ಅಂಗೈ ಆರಿಸಿದ ಸ್ಲೀಪಿಂಗ್ ಬ್ಯಾಗು

ಪಾರ್ಸೆಲ್ ಕೌಂಟರಿನ ಗುಮಾಸ್ತರ ಅಂಗೈ ಎಂದರೆ ಸಾಮಾನ್ಯವಲ್ಲ. ಇಪ್ಪತ್ತಾರು ವರ್ಷ ಊರವರ ಗಂಟುಮೂಟೆ ಎತ್ತಿ ಇಳಿಸಿ ಅದು ಸಾಕ್ಷಾತ್ ತಕ್ಕಡಿಯೇ ಆಗಿಹೋಗಿತ್ತು. (ಕಚೇರಿಯ ತಕ್ಕಡಿ ಕೆಟ್ಟರೆ ಅವರನ್ನು ಕರೆಯುತ್ತಿದ್ದರು, ಅವರು ಕೆಟ್ಟರೆ ಕರೆಯಲು ಯಾರೂ ಇರಲಿಲ್ಲ.)

ಅವರ ತಂಗಿ, ಶಾಲೆಯೊಂದರ ಡ್ರಿಲ್ ಟೀಚರು, ಒಂದಷ್ಟು ಜನರನ್ನು ಕಟ್ಟಿಕೊಂಡು ಬೆಟ್ಟದ ಮೇಲೆ ಒಂದು ರಾತ್ರಿ ಕಳೆಯಲು ಹೊರಟಿದ್ದಳು. ವ್ಯಾನಿನಲ್ಲಿ ಉಳಿದದ್ದು ಒಂದೇ ಸೀಟು. ಮನೆಯಲ್ಲಿ ಆಸೆಪಟ್ಟವರು ಇಬ್ಬರು.

"ನಾನೂ ಬೆಟ್ಟ ಹತ್ತಿಲ್ಲ ಕಣ್ರೀ," ಎಂದಳು ಹೆಂಡತಿ.

"ನೀನಿರೋದೇ ಮೊಳದುದ್ದ. ಬೆನ್ನ ಮೇಲೆ ಹೊರೆ ಹೊತ್ರೆ ಹೊರೆ ಮಾತ್ರ ಕಾಣುತ್ತೆ, ನೀನು ಕಾಣಲ್ಲ. ಸುಮ್ನಿರು," ಎಂದು ತೀರ್ಪಿತ್ತು ಗುಮಾಸ್ತರು ಅಂಗಡಿಗೆ ದಂಡಯಾತ್ರೆ ಹೊರಟರು. ತಂಗಿಯ ಆಜ್ಞೆ ಸ್ಪಷ್ಟವಾಗಿತ್ತು: ಹಗುರವಾದ, ಸುತ್ತಿದರೆ ಬೆನ್ನುಚೀಲದ ಮೂಲೆಗೆ ಸೇರುವ ಸ್ಲೀಪಿಂಗ್ ಬ್ಯಾಗು ಇಲ್ಲದವರಿಗೆ ವ್ಯಾನಿನಲ್ಲಿ ಜಾಗವಿಲ್ಲ.

ಅಂಗಡಿಯವನು ಸುರುಳಿ ಸುತ್ತಿಟ್ಟ ಹತ್ತಾರು ಬ್ಯಾಗು ಹರಡಿದ. ಗುಮಾಸ್ತರು ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈಯಲ್ಲಿ ತೂಗಿದರು. "ಇದು ಕೆಜಿ ಇನ್ನೂರು. ಇದು ಕೆಜಿಗೆ ಐವತ್ತು ಕಮ್ಮಿ. ಇದು... ಆಹಾ! ಆರುನೂರು ಗ್ರಾಮೂ ಇಲ್ಲ!"

"ಸಾರ್, ಅದು ಏನಂದ್ರೆ..."

"ತೂಕದ ವಿಷಯ ನನಗೇ ಹೇಳ್ಕೊಡ್ತೀರಾ?"

"ಅಲ್ಲ ಸಾರ್, ಒಂದ್ಸಲ ಬಿಚ್ಚಿ ನೋಡಿ..."

"ಕಟ್ಟಿದ ಪಾರ್ಸೆಲ್ ಬಿಚ್ಚೋದು ನಮ್ಮ ವೃತ್ತಿಧರ್ಮಕ್ಕೇ ವಿರುದ್ಧ ಕಣ್ರೀ!"

ಹೊರಡುವ ಹಿಂದಿನ ಸಂಜೆ ತಂಗಿ ತಪಾಸಣೆಗೆ ಬಂದಳು. ಗುಮಾಸ್ತರು ನಡುಮನೆಯಲ್ಲಿ ಬ್ಯಾಗು ಬಿಡಿಸಿ ಕಾಲಿಳಿಸಿದರು. ಜಿಪ್ಪು ಸರ್ರನೆ ಮೇಲೆ ಬಂದು ಹೊಕ್ಕುಳ ಹತ್ತಿರ ಮುಗಿದೇಹೋಯಿತು. ಇನ್ನು ಎಳೆಯಲು ಜಿಪ್ಪೂ ಇಲ್ಲ, ಬಟ್ಟೆಯೂ ಇಲ್ಲ.

"ಅಣ್ಣಾ, ಇಲ್ಲಿ ಚೀಟಿ ಮೇಲೆ ಬರೆದಿದೆ ನೋಡು. ಹನ್ನೆರಡು ವರ್ಷದೊಳಗಿನವರಿಗೆ."

"ಮಂಡಿ ಮಡಚಿಕೊಂಡ್ರೆ..." ಎಂದು ಮಡಚಿದರು. ಎಲ್ಲೋ ಹೊಲಿಗೆ ನರಳಿತು.

"ಅತ್ತಿಗೆ, ನೀವೊಂದ್ಸಲ ಇದರೊಳಗೆ ಹೋಗಿ."

ಹೆಂಡತಿ ಹೋದಳು. ಜಿಪ್ಪು ಗಲ್ಲದವರೆಗೆ ಬಂದು, ಅಳತೆ ಕೊಟ್ಟು ಹೊಲಿಸಿದ ಹಾಗೆ ನಿಂತಿತು.

"ಹನ್ನೆರಡು ವರ್ಷದೊಳಗೆ ಅಂತಾನಾ ಬರೆದಿರೋದು?" ಎಂದಳು ಐವತ್ತೊಂದರ ಆಕೆ, ಒಳಗಿನಿಂದಲೇ. "ಇನ್ನೊಂದ್ಸಲ ಓದು, ಗಟ್ಟಿಯಾಗಿ."

ಮರುದಿನ ಬೆಳಗ್ಗೆ, ಹೆಂಡತಿಯನ್ನು ಹೊತ್ತ ವ್ಯಾನು ತಿರುವು ದಾಟುವವರೆಗೂ ಗುಮಾಸ್ತರು ಕೈ ಬೀಸಿದರು. ತಲೆಗೆ ಟೊಪ್ಪಿಗೆ, ಕಾಲಿಗೆ ಕಿರುಗುಡುವ ಹೊಸ ಬೂಟು, ಕೈಯಲ್ಲಿ ಊರುಗೋಲು. (ಕೊಂಡದ್ದನ್ನೆಲ್ಲ ಒಮ್ಮೆಯಾದರೂ ಹಾಕಬೇಡವೇ?) ಎದುರುಮನೆಯಾತ ಬೆರಗಾಗಿ ಗೇಟಿಗೇ ಬಂದ.

"ಓಹೋ! ಸವಾರಿ ಎಲ್ಲಿಗೆ ಸ್ವಾಮಿ?"

"ಹಾಲಿನ ಬೂತಿಗೆ," ಎಂದರು ಗುಮಾಸ್ತರು.