ಹಾಲು ಕೆಟ್ಟ ಸುದ್ದಿ

ಈ ಸಲ ನನ್ನ ಜ್ವರದ ಸುಳಿವು ಅವ್ವನಿಗೆ ಹತ್ತಲೇಬಾರದು ಎಂದು ತೀರ್ಮಾನಿಸಿಬಿಟ್ಟೆ. ನಾನೇನು ಸಾಮಾನ್ಯಳೇ? ವಾರಾಣಸಿಯ ವಿಶ್ವವಿದ್ಯಾಲಯದಲ್ಲಿ ರೋಗಾಣುಗಳ ಸಂಶೋಧಕಿ! ಹುಬ್ಬಳ್ಳಿಯಲ್ಲಿರುವ ಅವ್ವನಿಂದ ಒಂದು ಜ್ವರ ಮುಚ್ಚಿಡಲಾಗದಿದ್ದರೆ ಪಿಎಚ್.ಡಿ. ಮಾಡಿ ಏನು ಬಂತು? ನಾನು ಸೀನಿದರೂ ರೈಲು ಹತ್ತುವ ಜೀವ ಅದು. ಮೊಣಕಾಲಿನ ಆಪರೇಷನ್ ಆಗಿ ತಿಂಗಳೂ ತುಂಬಿಲ್ಲ. ಎರಡು ದಿನದ ಪ್ರಯಾಣಕ್ಕೆ ಹೊರಟುಬಿಟ್ಟರೆ ಆ ಕಾಲಿನ ಗತಿಯೇನು?

ಮಧ್ಯಾಹ್ನ ಕಂಬಳಿಯೊಳಗೆ ನಡುಗುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಖಿಚಡಿ ತಂದಿದ್ದ ಮನೆಯೊಡತಿ ತಾರಾದೇವಿ ಎತ್ತಿಯೇಬಿಟ್ಟರು. "ಹಾಲ್ ಬಹುತ್ ಖರಾಬ್ ಹೈ" ಎಂದರು ಹಿಂದಿಯಲ್ಲಿ. ಸ್ಥಿತಿ ತೀರಾ ಕೆಟ್ಟಿದೆ ಅಂತ. ಧಡಕ್ಕನೆ ಎದ್ದು ಫೋನ್ ಕಿತ್ತುಕೊಂಡೆ.

"ಯಾಕವಾ ವಚನಾ, ಅಲ್ಲೆ ಹಾಲು ಕೆಟ್ಟಾವಂತಲ್ಲ?" ಎಂದಳು ಅವ್ವ.

ಬದುಕಿದೆ! ಅವ್ವ ಹಿಂದಿಯ ಹಾಲನ್ನು ಕನ್ನಡದ ಲೋಟದಲ್ಲಿ ಕುಡಿದಿದ್ದಳು.

"ಹೌದಬೇ, ಸೆಕೆಗೆ ಪೂರಾ ಒಡದಾವ" ಎಂದೆ.

ಸಂಜೆಗೇ ಇಲ್ಲಿನ ಮಠದ ಅಡುಗೆಮನೆಯ ರುದ್ರಯ್ಯನವರು, ನಮ್ಮ ಕಡೆಯವರೇ, ಎರಡು ಲೀಟರ್ ಹಾಲು ಹಿಡಿದು ಏದುಸಿರು ಬಿಡುತ್ತಾ ಮೂರನೇ ಮಹಡಿಗೆ ಹತ್ತಿ ಬಂದರು.

"ನಿಮ್ಮವ್ವ ಫೋನ್ ಮಾಡಿದ್ರು ತಂಗಿ. ನೀ ಮಲಕೋ, ನಾನ ಕಾಸ್ತೀನಿ."

ಕಾಸಿದರು, ಆರಿಸಿದರು, ಒಂದು ಲೋಟ ಎದುರಿಗೇ ಕುಡಿಸಿದರು. ಬೆಳಿಗ್ಗೆ ಮತ್ತೆ ಎರಡು ಲೀಟರ್. ಸಂಜೆ ಮತ್ತೆರಡು. ರಬಡಿ, ಮಲಾಯಿಯ ಊರಿನಲ್ಲಿ ನನಗೆ ಕ್ಷೀರಾಭಿಷೇಕ! ಪಾತ್ರೆಗಳೆಲ್ಲ ಹೆಪ್ಪು ಹಾಕಿಕೊಂಡು ಕೂತವು. ಗಲ್ಲಿಯ ಬೆಕ್ಕುಗಳು ನಮ್ಮ ಮೆಟ್ಟಿಲಿಗೇ ವಾಸ ಬದಲಿಸಿದವು. ತಾರಾದೇವಿ ಮೂಗಿನ ಮೇಲೆ ಬೆರಳಿಟ್ಟು, "ಡೈರಿ ಖೋಲೋಗಿ ಕ್ಯಾ, ಬಿಟಿಯಾ?" ಎಂದರು, ಡೈರಿ ತೆರೆಯುತ್ತೀಯಾ ಮಗಳೇ ಅಂತ.

ಐದನೆಯ ದಿನ ಜ್ವರ ಇಳಿಯಿತು. ಅವ್ವನಿಗೆ ಫೋನ್ ಮಾಡಿದೆ.

"ಯವ್ವಾ, ಇಲ್ಲಿ ಹಾಲು ಸುದ್ದ ಆಗ್ಯಾವ, ಈಗ ಒಡ್ಯಾಂಗಿಲ್ಲ. ರುದ್ರಯ್ಯನವರಿಗೆ ಸಾಕು ಅಂತ ಹೇಳಿಬಿಡು."

"ಜ್ವರ ಬಿಟ್ಟು ಎಷ್ಟೊತ್ತಾತು?"

ರೋಗಾಣು ಸಂಶೋಧಕಿ ಥರ್ಮಾಮೀಟರನ್ನು ದಿಂಬಿನಡಿ ತಳ್ಳಿದಳು.

"ಮೂವತ್ತು ವರ್ಷ ಸಂತ್ಯಾಗ ಬಳಿ ಮಾರೀನಿ. ದಿನಾ ನಾಕು ಮಂದಿ 'ಕ್ಯಾ ಹಾಲ್ ಹೈ ಸಂಗಮ್ಮ' ಅಂತ ಕೇಳ್ತಿದ್ರು. ನನಗ ಹಾಲ್ ಅಂದ್ರ ಗೊತ್ತಿಲ್ಲೇನ?"

"ಮತ್ತ ಈ ಹಾಲ್ಯಾಕ ಕಳಿಸಿದಿ?"

"ರುದ್ರಯ್ಯನವರು ಸುಮ್ನ ನೋಡಾಕ ಬಂದ್ರ ನೀ ಅರಾಮ ಅದೀನಿ ಅಂತ ಬಾಗಲದಾಗಿಂದನ ಕಳಸ್ತಿದ್ದಿ. ಹಾಲು ಕಾಯೂತನಕ ಅಂದ್ರ ಅವರು ಅರ್ಧ ತಾಸು ನಿನ್ನ ಮುಂದ ಕುಂದರತಾರ. ಕುಂತು, ಮನೀಗೆ ಹೋಗಿ, ನನಗ ಎಲ್ಲಾ ಹೇಳತಾರ."

ನಾನು ಐದು ದಿನ ಮುಚ್ಚಿಟ್ಟೆ ಅಂದುಕೊಂಡಿದ್ದನ್ನು ಅವಳು ಐದು ದಿನವೂ ಕೂತಲ್ಲೇ ನೋಡಿಕೊಂಡಿದ್ದಳು.

"ಆತು, ನಾಳಿಂದ ಬ್ಯಾಡ ಅಂತೀನಿ" ಎಂದಳು ಅವ್ವ.

"ಯವ್ವಾ," ಎಂದೆ, "ಇನ್ನೆರಡು ದಿನ ಬರಲಿ ಬಿಡ. ಹಾಲು ಇನ್ನೂ ಅಷ್ಟು ಸುದ್ದ ಆಗಿಲ್ಲ."