ಒಂದು ಪೆಟ್ಟಿಗೆ ಉಣ್ಣೆಯ ಪಾಲು

ನ್ಯಾಯವಾಗಿ ಪಾಲು ಹಂಚುವುದು ಹೇಗೆಂದು ಲೋಕಕ್ಕೇ ತೋರಿಸಿಕೊಡುತ್ತೇನೆ ಎಂದು ನಾನು ಪಣ ತೊಟ್ಟೆ! ಮೂರನೇ ತರಗತಿಗೇ ಸ್ಲೇಟು ಬಿಟ್ಟವಳು ನಿಜ. ಆದರೆ ಫೋನಿನಲ್ಲಿರುವ ನಮ್ಮ ಹೆಣಿಗೆ ಗುಂಪಿಗೆ ನಾನೇ ಅಡ್ಮಿನ್! ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಮಾತು ಕೇಳುವವರಿರಲಿಲ್ಲ. ಅವರಾದರೂ ಎಲ್ಲಿ ಕೇಳುತ್ತಿದ್ದರು, ಬಿಡಿ. ಗುಂಪಿನಲ್ಲಿ ಮಾತ್ರ ನನ್ನದೇ ದರ್ಬಾರು.

ನಮ್ಮಿಂದ ವ್ಯಾಪಾರ ಕುದುರಿತೆಂದು ಉಣ್ಣೆ ಅಂಗಡಿಯವನು ಒಂದು ಪೆಟ್ಟಿಗೆ ಉಣ್ಣೆ ಕಳಿಸಿದ. "ಗುಂಪು ಬೆಳೆಸಿದವರಿಗೆ ಹಂಚಿಬಿಡಿ ಅಮ್ಮ" ಎಂದ.

"ತಲೆಗೊಂದು ಉಂಡೆ ಕೊಟ್ಟು ಕೈ ತೊಳ್ಕೊಳ್ಳಿ ಅತ್ತೆ" ಎಂದಳು ಸೊಸೆ.

"ದುಡಿದವರಿಗೂ ಗೊರಕೆ ಹೊಡೆದವರಿಗೂ ಒಂದೇ ಪಾಲಾ? ಪ್ರಯೋಗ ಮಾಡಿ ನೋಡ್ತೀನಿ!"

"ಅಯ್ಯೋ, ಪಾಪ ಗುಂಪು!"

ಮೊದಲ ಪ್ರಯೋಗ: ಹೆಚ್ಚು ಸಂದೇಶ ಹಾಕಿದವರಿಗೆ ಹೆಚ್ಚು ಉಣ್ಣೆ. "ಶುಭೋದಯ." "ನಿಮಗೂ ಶುಭೋದಯ." "ನಿಮ್ಮ ಶುಭೋದಯಕ್ಕೆ ನನ್ನ ವಂದನೆ!" ಸುರಿಮಳೆಯೋ ಸುರಿಮಳೆ! ಬಚ್ಚಲ ಕಟ್ಟೆಯ ಮೇಲಿಟ್ಟ ಫೋನು ನಡುಗುತ್ತಾ, ಜರುಗುತ್ತಾ, ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಜಲಸಮಾಧಿಯಾಯಿತು! ಸೊಸೆ ಮೇಲೆತ್ತಿ ಒರೆಸಿ ಬಿಸಿಗಾಳಿ ಹಿಡಿದು ಪ್ರಾಣ ಬರಿಸಿದಳು.

ಎರಡನೆಯದು: ಯಾರ ಹೆಣಿಗೆಗೆ ಹೆಚ್ಚು ಹೃದಯದ ಚಿತ್ರ ಬೀಳುತ್ತದೋ ಅವರಿಗೆ. ನಿವೃತ್ತ ನರ್ಸಮ್ಮನ ಒಂಟಿ ತೋಳಿನ ಸ್ವೆಟರಿಗೆ ಹೃದಯಗಳ ರಾಶಿ! ಬೀಗರು, ಬೀಗರ ಬೀಗರು, ಎಲ್ಲರನ್ನೂ ರಾತ್ರೋರಾತ್ರಿ ಗುಂಪಿಗೆ ಸೇರಿಸಿದ್ದಳು.

ಮೂರನೆಯದು: ಪ್ರಶ್ನೆಗೆ ಉತ್ತರ ಹೇಳಿದವರಿಗೆ. ಆಗ ನೋಡಿ ಬುದ್ಧಿವಂತಿಕೆ! ಹೆಣೆದು ಹೆಣೆದೇ ಕೂದಲು ನರೆತ ಟೀಚರಮ್ಮ, "ಸೂಜಿಯ ಚೂಪು ತುದಿ ಯಾವುದು?" ಎಂದು ಕೇಳಿದಳು. "ಚುಚ್ಚಿ ನೋಡಿ, ಗೊತ್ತಾಗುತ್ತೆ" ಎಂದು ಅವಳ ಪಕ್ಕದ ಮನೆಯವಳು ಉತ್ತರಿಸಿದಳು. ಬರುವ ಉಂಡೆಯಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಮೆಟ್ಟಿಲ ಕೆಳಗೆ ಒಪ್ಪಂದ! ಕೋಪ ಬರುವ ಬದಲು ಕೈ ಮುಗಿಯಬೇಕೆನ್ನಿಸಿತು. ಇಂಥ ತಲೆಗಳು ರಾಜ್ಯ ಆಳಬೇಕಿತ್ತು!

ಮರುದಿನ ಸೊಸೆ ಫೋನು ಹಿಡಿದು ಓಡಿಬಂದಳು. "ಅತ್ತೆ, ಈ ಕಸದ ಮಧ್ಯೆ ಒಂದು ನಿಜವಾದ ಪ್ರಶ್ನೆ ಹೂತುಹೋಗಿದೆ!"

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಿಂದಿನ ದಿನವೇ ಬರೆದಿದ್ದಳು: "ಮಗು ದಿನ ತುಂಬುವ ಮೊದಲೇ ಹುಟ್ಟಿದೆ. ತಲೆ ಬೆಚ್ಚಗಿಡಿ ಅಂದಿದ್ದಾರೆ ಡಾಕ್ಟರು. ಅಂಗಡಿಯ ಟೋಪಿಗಳೆಲ್ಲ ಕುತ್ತಿಗೆಗೆ ಇಳಿಯುತ್ತವೆ. ನಾಳೆ ಮನೆಗೆ ಕರೆದೊಯ್ಯಬೇಕು. ಪುಟ್ಟ ಟೋಪಿ ಹೇಗೆ ಹೆಣೆಯಲಿ?"

ತಕ್ಷಣ ಅವಳಿಗೆ ಫೋನು ಮಾಡಿದೆ.

"ಟೋಪಿ ನಿನ್ನೆನೇ ಬಂತಮ್ಮಾ! ಒಬ್ರು ಫೋನಲ್ಲಿ ಅಳತೆ ಕೇಳಿ, ಕೂತಲ್ಲೇ ಹೆಣೆದು, ಆಸ್ಪತ್ರೆಗೇ ತಂದ್ಕೊಟ್ರು. ಮಗು ಬೆಚ್ಚಗೆ ಮಲಗಿದೆ."

ಹೆಸರು ಕೇಳಿದರೆ, ಆ ಒಬ್ಬರು ನನ್ನ ನಾದಿನಿ! ಗುಂಪಿನಲ್ಲಿ ಒಂದು ದಿನವೂ ತುಟಿ ಬಿಚ್ಚದವಳು. ನನ್ನ ಮೂರೂ ಲೆಕ್ಕದಲ್ಲಿ ಅವಳ ಪಾಲು ಸೊನ್ನೆ!

ಇನ್ನೂ ಒಂದು ಉಂಡೆಯನ್ನೂ ಹಂಚದ ಪೆಟ್ಟಿಗೆ ಹೊತ್ತುಕೊಂಡು ಅವಳ ಮನೆಗೇ ಹೋದೆ. "ಇದೆಲ್ಲಾ ನಿನಗೇ ಕಣೇ."

"ನನಗ್ಯಾಕೆ ಅತ್ತಿಗೆ? ನೀವೇ ಇಟ್ಕೊಳ್ಳಿ. ಆ ಮಗೂಗೆ ಒಂದು ದೊಡ್ಡ ಕಂಬಳಿ ಹೆಣೀರಿ."

ನನ್ನ ಕಣ್ಣು ತುಂಬಿತು. "ನನ್ನ ಕೈಗುಣದ ಮೇಲೆ ಅಷ್ಟು ನಂಬಿಕೆನಾ?"

"ಕೈಗುಣ ಹೆಂಗಾದ್ರೂ ಇರ್ಲಿ ಅತ್ತಿಗೆ. ಹೆಣೀತಾ ಕೂತ್ರೆ ಎರಡೂ ಕೈಗೆ ಕೆಲಸ ಇರುತ್ತೆ, ಫೋನ್ ಮುಟ್ಟೋಕಾಗಲ್ಲ!"