ಕೋಳಿ ಕಾಳು ಮುಟ್ಟಲಿಲ್ಲ

ಮಗಳ ಮದುವೆಗೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಹೆತ್ತ ತಂದೆ ಕೋಳಿಯನ್ನು ಕೇಳಬಾರದು ಅಂತ ಎಲ್ಲೂ ಬರೆದಿಲ್ಲ. ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ ಯಜಮಾನರಿಗೆ ಬರೆದದ್ದರ ಮೇಲೆ ಮಾತ್ರ ನಂಬಿಕೆ. ಅಂಥವರ ಕೈಗೆ ಆ ವಾರ, ಪುರಾತನರು ಹಕ್ಕಿ, ಮೋಡ, ಪ್ರಾಣಿಗಳನ್ನು ನೋಡಿ ಭವಿಷ್ಯ ತಿಳಿಯುತ್ತಿದ್ದ ಬಗೆಯನ್ನು ವಿವರಿಸುವ ಪುಸ್ತಕವೊಂದರ ಕರಡು ಬಂತು. ಕಾಗುಣಿತ ತಿದ್ದಲು ಕೂತವರನ್ನು ಪುಸ್ತಕವೇ ತಿದ್ದಿಬಿಟ್ಟಿತು.

ಮಗಳು ಮೆಚ್ಚಿದ ಹುಡುಗ ಪಶುವೈದ್ಯ. ಭಾನುವಾರ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಬೆಳಿಗ್ಗೆಯೇ ಯಜಮಾನರು ಕರಡು ಹಿಡಿದು ತಾರಸಿ ಹತ್ತಿದರು. ಪಾರಿವಾಳಗಳು ಬಲಕ್ಕೆ ಹಾರಿದವು. ಶುಭ! ಅಷ್ಟರಲ್ಲಿ ಹಾಳಾದವು ಎಡಕ್ಕೆ ತಿರುಗಿದವು. (ಹನ್ನೆರಡನೆಯ ಪುಟದ ಪ್ರಕಾರ ಮೊದಲ ದಿಕ್ಕೇ ಮುಖ್ಯ, ನಲವತ್ತನೆಯದರ ಪ್ರಕಾರ ಕೊನೆಯದು.)

"ಲೇ, ಆ ಮೋಡ ಆನೆ ಥರ ಇಲ್ವಾ?"

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ತಲೆಯೆತ್ತಿದಳು. "ನನಗೆ ನೀವು ಮುಸುಕು ಹಾಕ್ಕೊಂಡು ಮಲಗಿದ ಹಾಗೆ ಕಾಣ್ತಿದೆ. ಹುಡುಗನ್ನ ನೋಡಿ ಹೇಳಿ ಅಂದ್ರೆ ಆಕಾಶ ನೋಡ್ತೀರಲ್ರೀ!"

"ಮುಸುಕು ಹಾಕಿದವನ ಫಲ ಇಲ್ಲಿ ಕೊಟ್ಟೇ ಇಲ್ಲ," ಎಂದು ಯಜಮಾನರು ಚಿಂತಾಕ್ರಾಂತರಾದರು.

ಉಳಿದದ್ದು ಕುಕ್ಕುಟ ಪರೀಕ್ಷೆ. ಕಾಳು ಗಬಗಬ ತಿಂದರೆ ಶುಭ, ಮುಟ್ಟದಿದ್ದರೆ ಸರ್ವನಾಶ. ಪಕ್ಕದ ಮನೆಯ ಟೈಲರಮ್ಮನ ಕೋಳಿಯನ್ನು ಬೇಡಿ ತಂದು, ಹಿತ್ತಲಲ್ಲಿ ಕಾಳು ಚೆಲ್ಲಿದರು. ಕೋಳಿ ಕಾಳು ನೋಡಿತು, ಯಜಮಾನರನ್ನು ನೋಡಿತು, ಕಣ್ಣು ಮುಚ್ಚಿ ಕೂತಿತು.

ಬಾಗಿಲಲ್ಲಿ ಮಗಳು ನಿಂತಿದ್ದಳು. ಯಜಮಾನರು ಅವಳ ಸಪ್ಪೆ ಮುಖ ನೋಡಿದರು. ತಮಗೂ ಆ ಹುಡುಗ ಇಷ್ಟವಾಗಿದ್ದಾನೆಂಬುದು ಅವರಿಗೆ ಆಗಲೇ ಗೊತ್ತಾದದ್ದು.

"ತಿನ್ನಮ್ಮಾ, ಒಂದೇ ಒಂದು ಕಾಳು," ಎಂದು ಮಂಡಿಯೂರಿ ಗೋಗರೆದರು.

ಟೈಲರಮ್ಮ ಓಡಿ ಬಂದಳು. "ಅಯ್ಯೋ, ನನ್ನ ಕೋಳಿಗೆ ಏನ್ ಮಾಡಿದ್ರಿ? ಹೀಗೆ ಮಂಕಾಗಿದೆಯಲ್ಲ!" ಎಂದು ಕೂಗಿ ಡಾಕ್ಟರಿಗೆ ಫೋನ್ ಹಚ್ಚಿದಳು. ಕಾಲು ಗಂಟೆಯಲ್ಲಿ ಸ್ಕೂಟರಿನಿಂದ ಇಳಿದವನು ಅದೇ ಹುಡುಗ! ಯಜಮಾನರು ಕಕ್ಕಾಬಿಕ್ಕಿ.

ಹುಡುಗ ಕೋಳಿಯ ಕುತ್ತಿಗೆ ಕೆಳಗೆ ಒತ್ತಿ ನೋಡಿದ. "ರೋಗ ಏನಿಲ್ಲ. ಹೊಟ್ಟೆ ಬಿರಿಯೋ ಹಾಗೆ ತಿಂದಿದೆ. ಯಾರು ಹಾಕಿದ್ದು?"

"ನಾನೇ," ಎಂದಳು ಹೆಂಡತಿ. "ಪಾಪ, ಇಷ್ಟು ದೊಡ್ಡ ಜವಾಬ್ದಾರಿ ಹೊತ್ತಿದೆ, ಹಸ್ಕೊಂಡಿರಬಾರದು ಅಂತ ಒಂದು ಬಟ್ಟಲು ಅಕ್ಕಿ ಹಾಕ್ದೆ."

"ಜವಾಬ್ದಾರಿನಾ?" ಎಂದ ಹುಡುಗ.

ಮಗಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಅಂದ್ರೆ ತಿಂದಿದೆ! ನಮ್ಮ ಒಪ್ಪಿಗೆ ಇದೆ!" ಯಜಮಾನರು ಕರಡನ್ನು ಮೇಲಕ್ಕೆಸೆದರು. ಎಪ್ಪತ್ತು ಹಾಳೆಗಳೂ ಹಿತ್ತಲ ತುಂಬ ಹಾರಾಡಿದವು.

ಹುಡುಗ ಕೈ ತೊಳೆಯುತ್ತ, ದನಿ ತಗ್ಗಿಸಿ ಯಜಮಾನರ ಹೆಂಡತಿಯನ್ನು ಕೇಳಿದ, "ಎಷ್ಟು ದಿನದಿಂದ ಹೀಗಿದೆ, ಅಮ್ಮ?"

"ನಾನು ಈ ಮನೆಗೆ ಬಂದಾಗಿನಿಂದಲೂ ಹೀಗೇನೇ."

"ಕಚ್ಚೋದು, ಪರಚೋದು?"

"ಛೆ ಛೆ, ಅದೆಲ್ಲ ಇಲ್ಲಪ್ಪ. ತುಂಬಾ ಸಾಧು."

"ಹಾಗಾದ್ರೆ ತೊಂದರೆ ಇಲ್ಲ. ನನಗೂ ಒಪ್ಪಿಗೆ."

ಹಾಳೆ ಹೆಕ್ಕುತ್ತಿದ್ದ ಯಜಮಾನರಿಗೆ ಒಂದೂ ಅರ್ಥವಾಗಲಿಲ್ಲ. ಮಗಳ ಸೆರಗು ಜಗ್ಗಿ ಪಿಸುಗುಟ್ಟಿದರು: "ಇವರಿಬ್ಬರೂ ಮಾತಾಡ್ತಿರೋದು ಕೋಳಿ ವಿಷಯ ತಾನೇ?"

"ಹೂಂ ಅಪ್ಪಾ," ಎಂದಳು ಮಗಳು, "ಕೋಳಿ ವಿಷಯಾನೇ."